ರೋಸಮಂಡ್ ಒಬ್ಬಳದೇ ತಪ್ಪೇ? ‘ಮಿಡ್ಲ್‌ಮಾರ್ಚ್’ನ ಮದುವೆಗಳ ಬಗ್ಗೆ ಒಂದು ಚರ್ಚೆ

ಅರಳಿಕಟ್ಟೆ:
ಜಾರ್ಜ್ ಎಲಿಯಟ್ ಅವರ ‘ಮಿಡ್ಲ್‌ಮಾರ್ಚ್’ ಬಗ್ಗೆ ಎಲ್ಲಿ ಮಾತು ಬಂದರೂ ಒಂದು ತೀರ್ಪು ಮೊದಲೇ ಸಿದ್ಧವಾಗಿರುತ್ತದೆ: ರೋಸಮಂಡ್ ಸ್ವಾರ್ಥಿ, ಲಿಡ್‌ಗೇಟ್‌ನಂಥ ಪ್ರತಿಭಾವಂತ ಡಾಕ್ಟರನ ಬಾಳು ಹಾಳು ಮಾಡಿದಳು. ನನಗೆ ಇದು ಅನ್ಯಾಯ ಅನಿಸುತ್ತದೆ.

ಓದದವರಿಗಾಗಿ ಎರಡು ಮಾತು. ಕಾದಂಬರಿ 1871ರ ಡಿಸೆಂಬರಿನಿಂದ ಒಂದು ವರ್ಷ ಎಂಟು ಭಾಗಗಳಲ್ಲಿ ಹೊರಬಂತು. ಕಥೆ ನಡೆಯುವುದು ಅದಕ್ಕೂ 40 ವರ್ಷ ಹಿಂದಿನ ಇಂಗ್ಲೆಂಡಿನ ಒಂದು ಪಟ್ಟಣದಲ್ಲಿ. ಹತ್ತೊಂಬತ್ತು ತುಂಬಿದ ಡೊರೊಥಿಯಾ ತನಗಿಂತ ಇಪ್ಪತ್ತೈದಕ್ಕೂ ಹೆಚ್ಚು ವರ್ಷ ದೊಡ್ಡವನಾದ ಪಾದ್ರಿ ಕ್ಯಾಸೊಬಾನ್‌ನನ್ನು, ದೊಡ್ಡ ವಿದ್ವಾಂಸ ಅಂತ ನಂಬಿ ಮದುವೆಯಾಗುತ್ತಾಳೆ. ಯುವ ಡಾಕ್ಟರ್ ಲಿಡ್‌ಗೇಟ್ ಮೇಯರನ ಮಗಳು ರೋಸಮಂಡ್‌ಳ ರೂಪಕ್ಕೆ ಮರುಳಾಗಿ ಅವಳ ಕೈ ಹಿಡಿಯುತ್ತಾನೆ. ಎರಡೂ ಮದುವೆ ಸೋಲುತ್ತವೆ.

ಈಗ ನನ್ನ ವಾದ. ಡೊರೊಥಿಯಾ ಮಾಡಿದ್ದೂ ಲಿಡ್‌ಗೇಟ್ ಮಾಡಿದ್ದೂ ಒಂದೇ ತಪ್ಪು. ಎದುರಿಗಿದ್ದ ಮನುಷ್ಯರನ್ನು ನೋಡದೆ, ತಾವೇ ಬರೆದುಕೊಂಡ ಚಿತ್ರವನ್ನು ಪ್ರೀತಿಸಿದರು. ಲಿಡ್‌ಗೇಟ್ ಡೊರೊಥಿಯಾಳನ್ನು ಮೊದಲು ಕಂಡಾಗ ಅಂದುಕೊಳ್ಳುವುದೇನು ಗೊತ್ತೇ? ಇಂಥ ಹೆಂಗಸಿನ ಜೊತೆ ಇರುವುದೆಂದರೆ ಕೆಲಸ ಮುಗಿಸಿ ಬಂದು ಮಕ್ಕಳಿಗೆ ಪಾಠ ಹೇಳಿದ ಹಾಗೆ. ಮನೆಯಲ್ಲಿ ಬೇಕಾದದ್ದು ಹಕ್ಕಿದನಿಯಂಥ ನಗು, ಆಕಾಶದಂಥ ನೀಲಿ ಕಣ್ಣು. ಅವನು ಬೇಡಿದ್ದು ಅದನ್ನು. ಸಿಕ್ಕಿದ್ದೂ ಅದೇ. ಹಾಗಿರುವಾಗ ಡೊರೊಥಿಯಾಳ ಕಂಡು ಮರುಗುವ ನಾವು ರೋಸಮಂಡ್‌ಳನ್ನು ಮಾತ್ರ ಏಕೆ ಶಪಿಸುತ್ತೇವೆ?

ಸ್ಟೆತೊಸ್ಕೋಪ್:
ಮೇಡಂ, ಮದುವೆಗೆ ಮೊದಲಿನದು ಲಿಡ್‌ಗೇಟ್‌ನ ತಪ್ಪು, ಒಪ್ಪಿದೆ. ಮದುವೆಯ ನಂತರದ್ದು ಯಾರ ತಪ್ಪು? ಗರ್ಭಿಣಿಯಾಗಿದ್ದಾಗ ಕುದುರೆ ಸವಾರಿ ಬೇಡ ಅಂತ ಗಂಡ, ಅದರಲ್ಲೂ ಡಾಕ್ಟರ್ ಗಂಡ, ಸ್ಪಷ್ಟವಾಗಿ ಹೇಳಿದ. ಗಂಡನ ಸಿರಿವಂತ ನೆಂಟನ ಜೊತೆ ಓಡಾಡುವ ಖುಷಿಗೆ ಅವಳು ಹೋದಳು, ಮಗುವನ್ನು ಕಳೆದುಕೊಂಡಳು. ಆಮೇಲೂ, ಮನೆಯಲ್ಲೇ ಇದ್ದಿದ್ದರೂ ಹಾಗೇ ಆಗುತ್ತಿತ್ತು ಅನ್ನುವುದೇ ಅವಳ ನಂಬಿಕೆ. ಸಾಲ ತೀರಿಸಲು ಮನೆ ಬಿಟ್ಟುಕೊಡೋಣ ಅಂತ ಅವನು ಏಜೆಂಟನಿಗೆ ಹೇಳಿದ್ದನ್ನು ಅವಳು ಗುಟ್ಟಾಗಿ ಹೋಗಿ ನಿಲ್ಲಿಸಿ ಬಂದಳು. ಅವನಿಗೆ ತಿಳಿಸದೆ ಅವನ ದೊಡ್ಡಪ್ಪ ಸರ್ ಗಾಡ್ವಿನ್‌ಗೆ ದುಡ್ಡು ಕೇಳಿ ಕಾಗದ ಬರೆದಳು. ಉತ್ತರ ಬಂದದ್ದು ಲಿಡ್‌ಗೇಟ್‌ಗೆ: ಕೇಳುವುದಿದ್ದರೆ ಹೆಂಡತಿ ಕೈಲಿ ಬರೆಸಬೇಡ ಅಂತ! ಆ ಪುಟ ಓದುವಾಗ ನನ್ನ ಮುಖವೇ ಬಿಸಿಯಾಯಿತು.

ಅವಳು ಜಗಳ ಆಡುವುದಿಲ್ಲ, ಕೂಗುವುದಿಲ್ಲ. ಸುಮ್ಮನಿದ್ದು ತನಗೆ ಬೇಕಾದದ್ದನ್ನೇ ಮಾಡುತ್ತಾಳೆ. ಲಿಡ್‌ಗೇಟ್‌ನಂಥ ಗಟ್ಟಿಯವನಿಗೆ ಅದರ ಮುಂದೆ ದಾರಿಯೇ ತೋಚುವುದಿಲ್ಲ.

ಅರಳಿಕಟ್ಟೆ:
ಡಾಕ್ಟ್ರೇ, ನೀವು ಹೇಳಿದ ಯಾವ ಸಂಗತಿಯನ್ನೂ ನಾನು ಅಲ್ಲಗಳೆಯುವುದಿಲ್ಲ. ಆದರೆ ಸಾಲದ ವಿಷಯ ಅವಳಿಗೆ ಯಾವಾಗ ತಿಳಿಯಿತು? ಸಾಮಾನು ಅಡವಿಡಲೇಬೇಕಾದ ಹಂತ ಬಂದಾಗ. ಅಲ್ಲಿಯವರೆಗೆ ಮನೆ, ಊಟದ ಮೇಜಿನ ಬೆಳ್ಳಿ, ಪಿಂಗಾಣಿ ಎಲ್ಲವನ್ನೂ ಲೆಕ್ಕವಿಲ್ಲದೆ ತರಿಸಿದವನು ಅವನೂ ಹೌದಲ್ಲ. ಒಳ್ಳೆಯ ಮನೆತನದವನಿಗೆ ಇವೆಲ್ಲ ಇರಲೇಬೇಕು ಅನ್ನುವ ಭಾವನೆ ಅವನೊಳಗೇ ಇತ್ತು. ರೋಸಮಂಡ್ ಓದಿದ ಶಾಲೆಯಲ್ಲಿ ಗಾಡಿ ಹತ್ತುವುದನ್ನೂ ಇಳಿಯುವುದನ್ನೂ ಕಲಿಸುತ್ತಿದ್ದರಂತೆ. ಹಣದ ಲೆಕ್ಕ ಕಲಿಸಲಿಲ್ಲ. ಅವಳನ್ನು ಹಾಗೆ ಬೆಳೆಸಿದ ಊರೇ ಅವಳನ್ನು ನಮ್ಮೂರ ಹೂವು ಅಂತ ಮೆರೆಸಿತು.

ಧಾರವಾಡದಾಂವ:
ಇಬ್ಬರೂ ಮನಸಿನ ಮಾತ ಆಡಾಕತ್ತೀರಿ, ನಾ ಸ್ವಲ್ಪ ರೊಕ್ಕದ ಮಾತ ಆಡ್ತೀನಿ. ಈ ಕಾದಂಬರ್ಯಾಗ ಪ್ರೀತಿ ಅನ್ನೋದು ಒಮ್ಮೆಯೂ ರೊಕ್ಕ ಬಿಟ್ಟು ಬರೂದುಲ್ಲ. ಆ ಕಾಲದ ಇಂಗ್ಲೆಂಡಿನ ಕಾಯ್ದೆ ನೋಡ್ರಿ: ಲಗ್ನ ಆತು ಅಂದ್ರ ಹೆಣ್ಣಿನ ರೊಕ್ಕ, ದುಡಿಮಿ ಎಲ್ಲಾ ಗಂಡಂದು. ಹೆಂಡತಿ ದುಡಿದದ್ದು ಹೆಂಡತೀದ ಅಂತ ಒಪ್ಪಿದ ಮೊದಲ ಕಾಯ್ದೆ ಬಂದದ್ದು 1870ರಾಗ, ಅಂದ್ರ ಕಾದಂಬರಿ ಬರೂಕ್ಕಿಂತ ಬರೇ ಒಂದು ವರ್ಷ ಮೊದಲ. ಪೂರ್ತಿ ಆಸ್ತಿ ಹಕ್ಕು ಸಿಗಾಕ 1882 ಬರಬೇಕಾತು. ಕಥಿ ನಡಿಯೂ ಹೊತ್ತಿನ್ಯಾಗ ಇದ್ಯಾವುದೂ ಇಲ್ಲ. ಸಾಲದ ಸುದ್ದಿ ಕೇಳಿ ರೋಸಮಂಡ್ ‘ನಾ ಏನ ಮಾಡ್ಲಿ, ಟರ್ಶಿಯಸ್?’ (ಲಿಡ್‌ಗೇಟ್‌ನ ಹೆಸರು ಅದು) ಅಂತಾಳಲ್ಲ, ಓದೋರು ಅದನ್ನ ಕಲ್ಲೆದಿ ಅಂತಾರ. ಕಾಯ್ದೆ ಲೆಕ್ಕದಾಗ ಅಕಿ ಮಾಡಾಕ ಏನೂ ಇರಲಿಲ್ಲ ಅನ್ನೂದೂ ಖರೇನ.

ಇನ್ನ ಕ್ಯಾಸೊಬಾನ್. ಅಂವ ಸತ್ತ ಮ್ಯಾಲೆ ಮೃತ್ಯುಪತ್ರದಾಗ ಒಂದು ಸೇರ್ಪಡೆ ಹೊಂಡ್ತದ: ನನ್ನ ಹೆಂಡತಿ ವಿಲ್ ಲ್ಯಾಡಿಸ್ಲಾನ ಲಗ್ನ ಆದ್ರ ಅಕಿಗೆ ನನ್ನ ಆಸ್ತಿ ಇಲ್ಲ. ವಿಲ್ ಅಂದ್ರ ಅವನ ಸಂಬಂಧಿಕ ಹುಡುಗ. ಡೊರೊಥಿಯಾ ಆವಾಗ ಹಂಗ ಮನಸಿನ್ಯಾಗ ತಂದುಕೊಂಡಿರಲೂ ಇಲ್ಲ. ಸತ್ತಾಂವ ಬದುಕಿದಾಕಿ ಎದಿಯೊಳಗ ಕೈ ಹಾಕಿದ, ಅದೂ ರೊಕ್ಕದ ಕೈ. ಕಡೀಕ ಅಕಿ ವಿಲ್‌ನ ಒಪ್ಪೂವಾಗ ಏನ ಅಂತಾಳ? ‘ಯಾವುದಕ್ಕ ಎಷ್ಟ ಬೆಲಿ ಅಂತ ನಾ ಕಲೀತೀನಿ.’ ಪ್ರೀತಿ ಒಪ್ಕೊಳ್ಳೂ ಮಾತು ಇದು! ಇದನ್ನ ಓದಿದಾಗೆಲ್ಲಾ ನನಗ ಕಣ್ಣ ತುಂಬತಾವ.

ಇಬ್ಬನಿ:
ಡೊರೊಥಿಯಾಗೆ ತಂದೆತಾಯಿಯಿಂದ ಬಂದ ವರ್ಷಕ್ಕೆ 700 ಪೌಂಡ್ ಇತ್ತಲ್ಲ ಸರ್, ಹಾಗಾಗಿ ಅವಳದು ನಿಜವಾದ ಬಡತನ ಆಗಲಿಲ್ಲ. ನನ್ನ ಬೇಸರ ಬೇರೆ. ಬಡವರಿಗೆ ಮನೆಗಳ ನಕ್ಷೆ ಬರೆಯುತ್ತಿದ್ದ ಹುಡುಗಿ, ಜಗತ್ತಿಗೆ ಏನಾದರೂ ಮಾಡಬೇಕು ಅಂತ ಹಂಬಲಿಸಿದವಳು, ಕೊನೆಗೆ ಸಂಸದನಾದ ವಿಲ್‌ನ ಹೆಂಡತಿಯಾಗಿ ಅವನಿಗೆ ನೆರವಾಗುತ್ತಾಳೆ, ಅಷ್ಟೇ. ಲೇಖಕಿಯದೇ ಬದುಕು ನೋಡಿ. ಮೇರಿ ಆನ್ ಇವಾನ್ಸ್ ಅನ್ನುವ ಹೆಣ್ಣು ಗಂಡಸಿನ ಹೆಸರಲ್ಲಿ ಬರೆದರು. ವಿಚ್ಛೇದನ ಸಿಗುವಂತಿಲ್ಲದ ಜಾರ್ಜ್ ಹೆನ್ರಿ ಲೂಯಿಸ್ ಅವರ ಜೊತೆ 1854ರಿಂದ ಲೂಯಿಸ್ ತೀರಿಕೊಂಡ 1878ರವರೆಗೆ ಮದುವೆಯಿಲ್ಲದೆ ಬಾಳಿದರು. ಸ್ವಂತ ಅಣ್ಣ 20ಕ್ಕೂ ಹೆಚ್ಚು ವರ್ಷ ಮಾತು ಬಿಟ್ಟ. 1880ರಲ್ಲಿ ಅವರು ಬೇರೊಬ್ಬರನ್ನು ಚರ್ಚಿನಲ್ಲಿ ಮದುವೆಯಾದಾಗ ಮಾತ್ರ ಕಾಗದ ಬರೆದ. ಇಷ್ಟೆಲ್ಲ ಎದುರಿಸಿದವರು ತಮ್ಮ ನಾಯಕಿಗೆ ಏಕೆ ಅಷ್ಟು ಚಿಕ್ಕ ಬದುಕು ಕೊಟ್ಟರು? ನನಗೆ ಉತ್ತರ ಬೇಕು.

ಧಾರವಾಡದಾಂವ:
ತಂಗಿ, ಡೊರೊಥಿಯಾಗ ಬರಿಯೂ ವಿದ್ಯಾ ಇರಲಿಲ್ಲ, ಲಂಡನ್ನಿನ ಪತ್ರಿಕಾ ಗೆಳ್ಯಾರು ಇರಲಿಲ್ಲ. ಮೇರಿ ಆನ್ ತಮ್ಮ ದುಡಿಮಿ ಮ್ಯಾಲೆ ನಿಂತವರು. ಎಲ್ಲಾರಿಗೂ ಅದು ಆಗೂದುಲ್ಲ ಅನ್ನೂದ ಅವರಿಗಿಂತ ಚಲೋ ಯಾರಿಗೆ ಗೊತ್ತಿತ್ತು? ಸುಳ್ಳ ಗೆಲುವು ಕೊಡಾಕ ಅವರ ಮನಸ ಒಪ್ಪಲಿಲ್ಲ.

ಇಬ್ಬನಿ:
ಹೌದಿರಬಹುದು, ಆದರೂ ಬೇಸರ ಹೋಗಲ್ಲ. ನನಗೆ ಪೂರ್ತಿ ಸಮಾಧಾನ ಕೊಟ್ಟ ಜೋಡಿ ಮೇರಿ ಗಾರ್ತ್ ಮತ್ತು ಫ್ರೆಡ್. ಫ್ರೆಡ್ ರೋಸಮಂಡ್‌ಳ ಅಣ್ಣ. ಅವನ ಸಾಲಕ್ಕೆ ಮೇರಿಯ ಅಪ್ಪ ಕೇಲಬ್ ಜಾಮೀನು ನಿಂತು ಸಿಕ್ಕಿಬಿದ್ದಾಗ, ಮಗನನ್ನು ಕೆಲಸ ಕಲಿಯಲು ಸೇರಿಸಬೇಕು ಅಂತ ಮೇರಿಯ ಅಮ್ಮ ಪಾಠ ಹೇಳಿ ಕೂಡಿಟ್ಟ 92 ಪೌಂಡ್ ಹೋಯಿತು. ಮೇರಿ ಅಳು ನುಂಗಿಕೊಳ್ಳುತ್ತಾಳೆ, ಆದರೆ ಕ್ಷಮಿಸಿಬಿಡುವುದಿಲ್ಲ. ನಿನಗೆ ಒಪ್ಪದ ಪಾದ್ರಿ ಕೆಲಸಕ್ಕೆ ಸೇರಿದರೆ ನಾನಂತೂ ನಿನ್ನವಳಲ್ಲ ಅನ್ನುವುದು ಅವಳ ಷರತ್ತು. ಇಡೀ ಪುಸ್ತಕದಲ್ಲಿ ಎದುರಿಗಿರುವ ಮನುಷ್ಯನ ದೌರ್ಬಲ್ಯ ಪೂರ್ತಿ ಗೊತ್ತಿದ್ದು ಪ್ರೀತಿಸಿದವಳು ಅವಳೊಬ್ಬಳೇ.

ಸ್ಟೆತೊಸ್ಕೋಪ್:
ಅದರ ಬೆಲೆ ಕೊಟ್ಟದ್ದು ಫೇರ್‌ಬ್ರದರ್. ತಾನೂ ಮೇರಿಯನ್ನು ಪ್ರೀತಿಸುತ್ತಿದ್ದು, ಫ್ರೆಡ್ ಪರವಾಗಿ ಅವಳ ಮನಸ್ಸು ಕೇಳಲು ಹೋಗುತ್ತಾನಲ್ಲ ಆ ಪಾದ್ರಿ, ಅವನಿಗಿಂತ ದೊಡ್ಡ ಮನುಷ್ಯ ಈ ಕಾದಂಬರಿಯಲ್ಲಿಲ್ಲ. ಮೇರಿ ಅವನನ್ನು ಆರಿಸಬೇಕಿತ್ತು ಅಂತ ನನಗೆ ಇವತ್ತಿಗೂ ಅನಿಸುತ್ತದೆ.

ಹಳೆಗನ್ನಡಿ:
ಇಷ್ಟು ಹೊತ್ತು ಓದುತ್ತಾ ಕೂತಿದ್ದೆ. ಒಬ್ಬರಾದರೂ ಹ್ಯಾರಿಯೆಟ್ ಬುಲ್‌ಸ್ಟ್ರೋಡ್ ಹೆಸರು ಎತ್ತುತ್ತೀರಾ ಅಂತ ಕಾದೆ. ಎತ್ತಲಿಲ್ಲ. ಈ ಕಾದಂಬರಿಯಲ್ಲಿ ಪ್ರೀತಿ ಅಂದರೆ ನನಗೆ ಮೊದಲು ನೆನಪಾಗುವುದು 74ನೇ ಅಧ್ಯಾಯ.

ಬುಲ್‌ಸ್ಟ್ರೋಡ್ ಊರಿನ ಬ್ಯಾಂಕರ್, ಮಾತೆತ್ತಿದರೆ ದೇವರು. ಕದ್ದ ಮಾಲಿನ ವ್ಯಾಪಾರದಿಂದ ಬಂದ ಹಣ ಅವನದು ಅನ್ನುವುದು ಬಯಲಾಗುತ್ತದೆ. ಆ ಗುಟ್ಟು ಬಲ್ಲವನ ಸಾವಿನಲ್ಲೂ ಅವನ ಕೈ ಇದೆ ಅಂತ ಗುಸುಗುಸು. ಇಡೀ ಊರಿಗೆ ತಿಳಿದರೂ ಹೆಂಡತಿಗೆ ಯಾರೂ ಹೇಳುವುದಿಲ್ಲ. ಗೆಳತಿಯರು ಕನಿಕರದ ಮುಖ ಮಾಡುತ್ತಾರೆ, ವಿಷಯ ಬಾಯಿ ಬಿಡುವುದಿಲ್ಲ. ಕೊನೆಗೆ ಅಣ್ಣ ಹೇಳುತ್ತಾನೆ. ಅವಳು ಮನೆಗೆ ಬಂದು ಕೋಣೆಗೆ ಬೀಗ ಹಾಕಿಕೊಳ್ಳುತ್ತಾಳೆ. ಇಪ್ಪತ್ತು ವರ್ಷ ನಂಬಿ ಬಾಳಿದ ಗಂಡ. ಅವಳು ಒಳ್ಳೆಯ ಬಟ್ಟೆ ಇಷ್ಟಪಡುವ, ಊರಿನವರ ಮೆಚ್ಚುಗೆ ಬೇಕೆನ್ನುವ ಸಾಧಾರಣ ಹೆಂಗಸು, ಅದನ್ನು ಮರೆಯಬೇಡಿ. ಅತ್ತು ಮುಗಿಸಿ ಎಲ್ಲ ಒಡವೆ ತೆಗೆದಿಡುತ್ತಾಳೆ, ಸಾದಾ ಕಪ್ಪು ಉಡುಪು ತೊಡುತ್ತಾಳೆ, ತಲೆಗೂದಲು ಒತ್ತಿ ಬಾಚಿ ಸಾದಾ ಟೋಪಿ ಕಟ್ಟುತ್ತಾಳೆ. ಕೆಳಗೆ ಬಂದರೆ ಗಂಡ ತಲೆ ತಗ್ಗಿಸಿ ಕೂತಿದ್ದಾನೆ, ಕುಗ್ಗಿಹೋಗಿದ್ದಾನೆ. ಅವನ ಕೈಮೇಲೆ, ಹೆಗಲ ಮೇಲೆ ಕೈಯಿಟ್ಟು ‘ತಲೆ ಎತ್ತಿ ನೋಡು, ನಿಕೊಲಸ್’ ಅನ್ನುತ್ತಾಳೆ. ಇಬ್ಬರೂ ಅಳುತ್ತಾರೆ. ‘ಇದರಲ್ಲಿ ಎಷ್ಟು ನಿಜ?’ ಅಂತ ಅವಳು ಕೇಳುವುದಿಲ್ಲ, ‘ನಾನು ತಪ್ಪು ಮಾಡಿಲ್ಲ’ ಅಂತ ಅವನೂ ಹೇಳುವುದಿಲ್ಲ.

ಹರೆಯದವರ ಪ್ರೇಮಕ್ಕೆ ನೂರಾರು ಪುಟ ಬರೆದ ಲೇಖಕಿ, ಎಲ್ಲರೂ ದ್ವೇಷಿಸುವ ಒಬ್ಬ ಮುದುಕನ ಹೆಂಡತಿಗೆ ಕೆಲವೇ ಪುಟಗಳಲ್ಲಿ ಅವರೆಲ್ಲರಿಗಿಂತ ಎತ್ತರದ ಜಾಗ ಕೊಟ್ಟರು.

ಸ್ಟೆತೊಸ್ಕೋಪ್:
ಅಮ್ಮಾ, ನನ್ನ ವಾದಕ್ಕೆ ಇದಕ್ಕಿಂತ ಬಲವಾದ ಸಾಕ್ಷಿ ಬೇಡ. ಹ್ಯಾರಿಯೆಟ್ ಯಾರು? ರೋಸಮಂಡ್‌ಳ ಸೋದರತ್ತೆ. ಅದೇ ಊರು, ಅದೇ ಹಗರಣ. ಆ ಸತ್ತವನಿಗೆ ಚಿಕಿತ್ಸೆ ಕೊಟ್ಟವನು ಲಿಡ್‌ಗೇಟ್, ಹಾಗಾಗಿ ಬುಲ್‌ಸ್ಟ್ರೋಡ್ ಕೊಟ್ಟ 1000 ಪೌಂಡ್ ಸಾಲ ಲಂಚ ಅಂತ ಜನ ಲಿಡ್‌ಗೇಟ್ ಮೇಲೂ ಬೆರಳು ಮಾಡುತ್ತಾರೆ. ಬುಲ್‌ಸ್ಟ್ರೋಡ್ ನಿಜಕ್ಕೂ ತಪ್ಪಿತಸ್ಥ, ಲಿಡ್‌ಗೇಟ್ ಅಲ್ಲ. ಆದರೂ ಅತ್ತೆ ಗಂಡನ ಪಕ್ಕ ಕೂತಳು. ಮುಂದಿನ ಅಧ್ಯಾಯದಲ್ಲೇ ಸೊಸೆ ಏನು ಮಾಡಿದಳು? ‘ನಿಮ್ಮನ್ನು ನಂಬುತ್ತೇನೆ’ ಅನ್ನುವ ಒಂದು ಮಾತಿಗೆ ಅವನು ಕಾಯುತ್ತಿದ್ದಾನೆ. ಅವಳು ಅಂದದ್ದು: ಈ ಊರಲ್ಲಿ ಇನ್ನಿರಲಾಗದು, ಲಂಡನ್ನಿಗೆ ಹೋಗೋಣ. ಲೇಖಕಿ ಈ ಎರಡು ದೃಶ್ಯಗಳನ್ನು ಅಕ್ಕಪಕ್ಕ ಇಟ್ಟದ್ದು ಸುಮ್ಮನೆ ಅಲ್ಲ.

ಅರಳಿಕಟ್ಟೆ:
ಸುಮ್ಮನೆ ಅಲ್ಲ, ನಿಜ. ಆದರೆ ಇನ್ನೊಂದು ಪುಟ ಮುಂದೆ ಹೋಗಿ. 76ನೇ ಅಧ್ಯಾಯದಲ್ಲಿ ಲಿಡ್‌ಗೇಟ್ ನಡೆದದ್ದನ್ನೆಲ್ಲ ಮೊದಲಿನಿಂದ ಕೊನೆಯವರೆಗೆ ಬಿಡಿಸಿ ಹೇಳುತ್ತಾನೆ. ಯಾರಿಗೆ? ಡೊರೊಥಿಯಾಗೆ. ಹೆಂಡತಿಗೆ ಒಂದಕ್ಷರ ಹೇಳಲಿಲ್ಲ. ಅವಳೇ ಬಾಯಿ ಬಿಡಲಿ ಅಂತ ಅವನು, ಅವನೇ ಹೇಳಲಿ ಅಂತ ಅವಳು. ಹ್ಯಾರಿಯೆಟ್‌ಗೆ ಇಪ್ಪತ್ತು ವರ್ಷದ ದಾಂಪತ್ಯ ಬೆನ್ನಿಗಿತ್ತು, ಅವಳನ್ನು ಗಂಡ ಗೌರವದಿಂದ ಕಂಡಿದ್ದ. ರೋಸಮಂಡ್‌ಗೆ ಬುದ್ಧಿ ಇದೆ ಅಂತ ಒಂದು ದಿನವೂ ಎಣಿಸದವನು, ಕಷ್ಟ ಬಂದ ಕೂಡಲೇ ಅವಳು ಸಮಾನಳಾಗಿ ನಿಲ್ಲಲಿ ಅಂತ ಬಯಸಿದರೆ ಹೇಗೆ?

ಹಳೆಗನ್ನಡಿ:
ಬುಲ್‌ಸ್ಟ್ರೋಡ್ ಕೂಡ ಹೆಂಡತಿಗೆ ಏನೂ ಹೇಳಿರಲಿಲ್ಲಮ್ಮ. ಅವಳು ಕೇಳಿದ್ದು ಅಣ್ಣನ ಬಾಯಿಂದ. ಹೇಳಿದರೆ ಮಾತ್ರ ಪಕ್ಕ ನಿಲ್ಲುತ್ತೇನೆ ಅನ್ನಲಿಲ್ಲ ಅವಳು. ಈ ಒಂದು ಕಡೆ ನಾನು ಡಾಕ್ಟರ ಪಕ್ಷ.

ಅರಳಿಕಟ್ಟೆ:
ಅಮ್ಮಾ, ಇದಕ್ಕೆ ನನ್ನಲ್ಲಿ ಸುಲಭದ ಉತ್ತರ ಇಲ್ಲ. ಆದರೂ 81ನೇ ಅಧ್ಯಾಯ ನನ್ನನ್ನು ಬಿಡುವುದಿಲ್ಲ. ವಿಲ್ ಮತ್ತು ರೋಸಮಂಡ್ ನಡುವೆ ಪ್ರೀತಿ ಇದೆ ಅಂದುಕೊಂಡಿದ್ದ ಡೊರೊಥಿಯಾ ಒಡೆದ ಎದೆ ಹೊತ್ತು ಬಂದು ರೋಸಮಂಡ್ ಎದುರು ಕೂತು, ನಿನ್ನ ಗಂಡ ನಿರಪರಾಧಿ, ನಿನಗೆ ನೋವಾದೀತು ಅಂತ ಅವನು ಬಾಯಿ ಬಿಡಲಿಲ್ಲ ಅನ್ನುತ್ತಾಳೆ. ಬಹುಶಃ ಮೊದಲ ಬಾರಿಗೆ ಒಬ್ಬರು ರೋಸಮಂಡ್ ಜೊತೆ ದೊಡ್ಡವಳ ಜೊತೆ ಮಾತಾಡುವ ಹಾಗೆ ಮಾತಾಡಿದರು. ಆಗ ಅವಳು ಮಾಡಿದ್ದೇನು? ವಿಲ್ ಪ್ರೀತಿಸುವುದು ನಿಮ್ಮನ್ನು, ನನ್ನನ್ನಲ್ಲ ಅಂತ ತಾನಾಗಿಯೇ ಹೇಳಿ ಡೊರೊಥಿಯಾಳ ಬದುಕು ಹಿಂತಿರುಗಿಸಿದಳು. ಅದರಿಂದ ಅವಳಿಗೆ ಕಾಸಿನ ಲಾಭ ಇರಲಿಲ್ಲ, ಅವಮಾನವೇ ಇತ್ತು. ನಂಬಿ ಮಾತಾಡಿದರೆ ಅವಳೊಳಗೆ ಇಂಥದೂ ಇತ್ತು. ಗಂಡ ಅದನ್ನು ಹುಡುಕಲೇ ಇಲ್ಲ.

ಸ್ಟೆತೊಸ್ಕೋಪ್:
ಆ ಅಧ್ಯಾಯ ಓದಿ ನಾನೂ ಕರಗಿದ್ದೇನೆ. ಆದರೆ ಅಂತ್ಯ ನೋಡಿ. ಜೀವದೇಹದ ಮೂಲ ಅಂಗಾಂಶ ಹುಡುಕಬೇಕೆಂದು ಹೊರಟವನು ಶ್ರೀಮಂತ ರೋಗಿಗಳ ಡಾಕ್ಟರಾಗಿ, ಗೌಟ್ ಅನ್ನುವ ಕೀಲುರೋಗದ ಮೇಲೆ ಒಂದು ಪುಸ್ತಕ ಬರೆದು, 50ಕ್ಕೇ ಹೋದ. ಅವಳು ಸಿರಿವಂತ ವಯಸ್ಸಾದ ಡಾಕ್ಟರನನ್ನು ಮದುವೆಯಾಗಿ ಇದು ನನಗೆ ಸಿಕ್ಕ ಫಲ ಅಂದಳು. ಬದುಕಿದ್ದಾಗ ಒಮ್ಮೆ ಅವನು ಅವಳನ್ನು ತುಳಸಿಯ ಜಾತಿಯ ಗಿಡಕ್ಕೆ ಹೋಲಿಸಿ, ಕೊಲೆಯಾದವನ ಮಿದುಳಿನ ಮೇಲೆ ಸೊಂಪಾಗಿ ಬೆಳೆಯುವ ಗಿಡ ಅದು ಅಂದಿದ್ದ. ನನಗೆ ಅವನ ಇಡೀ ನೋವು ಆ ಮಾತಿನಲ್ಲಿದೆ.

ಅರಳಿಕಟ್ಟೆ:
ಆ ಮಾತಿಗೆ ಅವಳು ಕೊಟ್ಟ ಉತ್ತರವನ್ನೂ ಬರೆಯಿರಿ ಡಾಕ್ಟ್ರೇ. ‘ಹಾಗಿದ್ದರೆ ನನ್ನನ್ನು ಯಾಕೆ ಆರಿಸಿದಿರಿ?’ ಅಂದಳು.