ಓಪಿಡಿ ಚೀಟಿಯಲ್ಲಿ ‘ಆರ್/ಓ ಸಿಕೆಡಿ’ ಅಂತಿದೆ, ಕಿಡ್ನಿ ಹೋಗಿದೆ ಅಂತಲಾ?

ಪ್ರಶ್ನೆ, ಚಿಂತಾಮಣಿಯಿಂದ: ಅಪ್ಪನಿಗೆ 62. ಚೀಟಿಯಲ್ಲಿ ಇಷ್ಟಿದೆ: ‘ಸಿ/ಓ ಸುಸ್ತು, 2 ತಿಂಗಳು. ಓ/ಇ ಪ್ಯಾಲರ್ +, ಇಕ್ಟರಸ್ –, ಪೆಡಲ್ ಎಡಿಮಾ +, ಬಿಪಿ 150/90, ಪಿ/ಎ ಸಾಫ್ಟ್. ಅನೀಮಿಯಾ, ಆರ್/ಓ ಸಿಕೆಡಿ.’ ಸಿಕೆಡಿ ಅಂದ್ರೆ ಕಿಡ್ನಿ ಕಾಯಿಲೆ ಅಂತ ಗೊತ್ತಾಗಿ ಮನೇಲಿ ಯಾರೂ ಸರಿಯಾಗಿ ಊಟ ಮಾಡ್ತಿಲ್ಲ.

ಫಿಸಿಷಿಯನ್: ಹಾಗಂತ ಅಲ್ಲ. ಆರ್/ಓ ಅಂದ್ರೆ ‘ರೂಲ್ ಔಟ್’. ಅನುಮಾನ ಇದೆ, ಪರೀಕ್ಷೆ ಮಾಡಿ ಇದೆಯೋ ಇಲ್ವೋ ತಿಳ್ಕೊಳ್ಳಿ ಅಂತ. ಸಿಕೆಡಿ ಅಂದ್ರೆ ಬಹುಕಾಲದ ಕಿಡ್ನಿ ಕಾಯಿಲೆ, ಆ ಹೆಸರಿಡೋಕೆ ಕಿಡ್ನಿ ತೊಂದರೆ ಕನಿಷ್ಠ 3 ತಿಂಗಳಿಂದ ಇರಬೇಕು. ರಕ್ತದ ಕ್ರಿಯಾಟಿನಿನ್, ಮೂತ್ರದ ಆಲ್ಬುಮಿನ್ ಎರಡನ್ನೂ ಈ ವಾರವೇ ಮಾಡಿಸಿ.

ಸಿ/ಓ ಅಂದ್ರೆ ರೋಗಿ ಬಾಯಲ್ಲಿ ಹೇಳಿದ್ದು, ಅಂದ್ರೆ ಸಿಂಪ್ಟಮ್. ಓ/ಇ ಅಂದ್ರೆ ಡಾಕ್ಟರು ಕಣ್ಣಲ್ಲಿ ನೋಡಿ, ಕೈಯಲ್ಲಿ ಮುಟ್ಟಿ ಕಂಡಿದ್ದು, ಅಂದ್ರೆ ಸೈನ್. ಪ್ಯಾಲರ್ ನೋಡೋಕೆ ಕೆಳರೆಪ್ಪೆ ಎಳೀತೀವಿ. ಒಳಗೆ ಕೆಂಪಿನ ಬದಲು ಬಿಳಿಚಿಕೊಂಡಿದ್ರೆ +. ಅದು ಅಂದಾಜು ಮಾತ್ರ, ಹಿಮೋಗ್ಲೋಬಿನ್ ನೋಡಲೇಬೇಕು. ಗಂಡಸರಿಗೆ ಅದು 13ಕ್ಕಿಂತ ಕಡಿಮೆ ಇದ್ರೆ ಅನೀಮಿಯಾ, ಅಂದ್ರೆ ರಕ್ತಹೀನತೆ. ಪೆಡಲ್ ಎಡಿಮಾ ಅಂದ್ರೆ ಕಾಲೂತ. ಅದಿದ್ರೆ ಕಣಕಾಲಿನ ಮೇಲೆ ಮೂಳೆಗೆ ಹೆಬ್ಬೆರಳು ಒತ್ತಿ ಹಿಡಿದು ಬಿಟ್ರೆ ಗುಳಿ ಹಾಗೇ ನಿಲ್ಲುತ್ತೆ. ಇಕ್ಟರಸ್ ಕಾಮಾಲೆ, ಅದಿಲ್ಲ. ಪಿ/ಎ ಸಾಫ್ಟ್ ಅಂದ್ರೆ ಹೊಟ್ಟೆ ಮೆತ್ತಗಿದೆ.

ಸ್ಟಾಫ್ ನರ್ಸ್: ಬಿಪಿ ಒಂದೇ ಸಲದ ಲೆಕ್ಕ ನಂಬಬೇಡಿ. ಬಸ್ ಇಳಿದು ಮೆಟ್ಟಿಲು ಹತ್ತಿದ ಕೂಡಲೇ ನೋಡಿದ್ರೆ ಜಾಸ್ತಿನೇ ಬರುತ್ತೆ. 5 ನಿಮಿಷ ಒರಗಿ ಕೂತಿರಲಿ, ತೋಳು ಎದೆ ಮಟ್ಟಕ್ಕಿರಲಿ, ಮಾತು ಬೇಡ. ಅರ್ಧ ಗಂಟೆ ಮುಂಚೆಯಿಂದ ಕಾಫಿ, ಬೀಡಿ ಬೇಡ. ದಪ್ಪ ತೋಳಿಗೆ ಚಿಕ್ಕ ಕಫ್ ಸುತ್ತಿದ್ರೂ ಹೆಚ್ಚು ತೋರಿಸುತ್ತೆ.

ಪ್ರಶ್ನೆ ಕೇಳಿದವರು: ಮಂಡಿನೋವಿಗೆ ಮೆಡಿಕಲ್ ಶಾಪಿಂದ ಡೈಕ್ಲೊಫಿನಾಕ್ ತಂದು ಒಂದು ವರ್ಷದಿಂದ ನುಂಗ್ತಿದ್ದಾರೆ. ಅದನ್ನ ಹೇಳಿರಲಿಲ್ಲ. ಹೇಳ್ಬೇಕಿತ್ತಾ?

ಫಿಸಿಷಿಯನ್: ಅದನ್ನೇ ಮೊದಲು ಹೇಳ್ಬೇಕಿತ್ತು! ಆ ಮಾತ್ರೆ ಹೊಟ್ಟೆಯಲ್ಲಿ ಹುಣ್ಣು ಮಾಡಿ ಗೊತ್ತಾಗದ ಹಾಗೆ ರಕ್ತ ಸೋರಿಸಬಹುದು, ಬಿಪಿ ಏರಿಸಬಹುದು, ಕಾಲು ಊದಿಸಬಹುದು, ಕಿಡ್ನಿಗೂ ಏಟು ಕೊಡಬಹುದು. ಚೀಟಿಯ ಅರ್ಧಕ್ಕೆ ಇದೊಂದೇ ಕಾರಣ ಇರಬಹುದು. ಇವತ್ತಿಂದಲೇ ನಿಲ್ಲಿಸಿ. ಖಾಲಿ ಸ್ಟ್ರಿಪ್ ಜೇಬಲ್ಲಿಟ್ಕೊಂಡು ಹೋಗಿ ಡಾಕ್ಟರಿಗೆ ತೋರಿಸಿ. ಬರೀ ಕಬ್ಬಿಣದ ಮಾತ್ರೆ ನುಂಗಿಸಿ ಸುಮ್ಮನಾಗಬೇಡಿ, ರಕ್ತ ಎಲ್ಲಿ ಹೋಗ್ತಿದೆ ಅಂತ ಹುಡುಕಬೇಕು. ಮಲ ಟಾರಿನಂತೆ ಕಪ್ಪಗೆ ಅಂಟಂಟಾಗಿದ್ರೆ, ಮಲಗಿದಾಗ ಉಸಿರು ಕಟ್ಟಿದ್ರೆ, ಮೂತ್ರ ಕಡಿಮೆಯಾದ್ರೆ ನಾಳೆಗೆ ಕಾಯಬೇಡಿ.