ಹಳೆಯ ಮನೆಯ ಬಚ್ಚಲಿಗೆ ಗೀಸರ್: ಅರ್ಥಿಂಗ್ ಇಲ್ಲದ ಕಡೆ ಏನು ಮಾಡಬೇಕು?

ಹಂಡೆನೀರು:
ತೀರ್ಥಹಳ್ಳಿ ಸಮೀಪದ ನಮ್ಮ ಹಳೆಯ ಮನೆಯಲ್ಲಿ ಇಂದಿಗೂ ಬಚ್ಚಲ ಒಲೆಗೆ ಅಡಿಕೆ ಸೋಗೆ ತುಂಬಿ ಹಂಡೆಯಲ್ಲಿ ನೀರು ಕಾಯಿಸುತ್ತೇವೆ. ಮಳೆಗಾಲದ ಒದ್ದೆ ಕಟ್ಟಿಗೆಯ ಹೊಗೆ ವಯಸ್ಸಾದ ನನ್ನ ತಾಯಿಗೆ ಆಗುತ್ತಿಲ್ಲವಾದ್ದರಿಂದ 15 ಲೀಟರಿನ, 2000 ವ್ಯಾಟ್‌ನ ಗೀಸರ್ ಹಾಕಿಸಬೇಕೆಂದಿದ್ದೇನೆ. ಬಚ್ಚಲಿನಲ್ಲಿ ದೀಪದ ಸ್ವಿಚ್ಚಿನ ಕೆಳಗೆ 6 ಆಂಪಿಯರ್‌ನ ಸಾಕೆಟ್ ಒಂದಿದೆ. ಬಿಚ್ಚಿ ನೋಡಿದರೆ ಅದರ ಮೇಲಿನ ದೊಡ್ಡ ತೂತಿಗೆ, ಅಂದರೆ ಸೋರಿದ ವಿದ್ಯುತ್ತನ್ನು ನೆಲಕ್ಕೆ ಒಯ್ಯುವ ಅರ್ಥ್‌ಗೆ, ತಂತಿಯೇ ಬಂದಿಲ್ಲ. ವೈರಿಂಗ್‌ನವರು, ಸಾಕೆಟ್ ಬದಲಾಯಿಸಿ ಅರ್ಥ್ ಪಿನ್ನನ್ನು ನ್ಯೂಟ್ರಲ್‌ಗೆ (ವಿದ್ಯುತ್ತು ಹಿಂದಿರುಗುವ ತಂತಿಗೆ) ಸೇರಿಸಿದರೆ ಸಾಕು ಎನ್ನುತ್ತಾರೆ. ಹಾಗೆ ಮಾಡಬಹುದೇ?

ನಿವೃತ್ತ ಮೇಲ್ವಿಚಾರಕ:
ದಯವಿಟ್ಟು ಹಾಗೆ ಮಾಡಿಸಬೇಡಿ. ಗಾಳಿಮಳೆಗೆ ನ್ಯೂಟ್ರಲ್ ತಂತಿ ಎಲ್ಲಿಯಾದರೂ ಕಡಿದುಹೋದರೆ, ಫೇಸ್‌ನ (ವಿದ್ಯುತ್ತು ಬರುವ ತಂತಿಯ) ವಿದ್ಯುತ್ತು ನೀರು ಕಾಯಿಸುವ ಕಾಯಿಲ್ ಮೂಲಕ ಅದೇ ಜೋಡಣೆಯಿಂದ ಗೀಸರ್‌ನ ಮೈಗೂ ನಲ್ಲಿಗೂ ಬರುತ್ತದೆ. ಗೀಸರ್ ಕೆಟ್ಟಿರಬೇಕೆಂದೇನೂ ಇಲ್ಲ. ಮುಂದೆ ಆರ್‌ಸಿಸಿಬಿ (ವಿದ್ಯುತ್ತು ಸೋರಿದೊಡನೆ ಸಂಪರ್ಕ ಕಡಿಯುವ ಉಪಕರಣ) ಹಾಕಿಸಿದರೂ ಸೋರಿದ ವಿದ್ಯುತ್ತು ನ್ಯೂಟ್ರಲ್‌ನಲ್ಲೇ ಹಿಂದಿರುಗುವುದರಿಂದ ಆ ಉಪಕರಣಕ್ಕೆ ಸೋರಿಕೆಯ ಸುಳಿವೇ ಸಿಗುವುದಿಲ್ಲ.

2000 ವ್ಯಾಟ್ ಎಂದರೆ 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್. ದೀಪದ ಸಾಲಿನ ತೆಳು ತಂತಿಯನ್ನು ಮರೆತು, ಮುಖ್ಯ ಹಲಗೆಯಿಂದಲೇ ಪ್ರತ್ಯೇಕ ತಾಮ್ರದ ತಂತಿ ಎಳೆಸಿ, 2.5 ಚದರ ಮಿಲಿಮೀಟರ್ ಸಾಕಾದರೂ ನಾನಾದರೆ 4ರದ್ದನ್ನೇ ಹಾಕಿಸುತ್ತೇನೆ. ಅದಕ್ಕೆ 16 ಆಂಪಿಯರ್‌ನ ಎಂಸಿಬಿ (ಮಿತಿಮೀರಿ ವಿದ್ಯುತ್ತು ಹರಿದರೆ ತಾನೇ ಬಿದ್ದು ಸಂಪರ್ಕ ಕಡಿಯುವ ಸ್ವಿಚ್ಚು) ಇರಲಿ, ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಕಡಿಯುವ ಡಬಲ್ ಪೋಲ್ ಸ್ವಿಚ್ಚು ಬಚ್ಚಲಿನ ಹೊರಗೋಡೆಯಲ್ಲಿರಲಿ. ಮನೆಯ ಮಂಜೂರಾದ ಲೋಡ್ ಎಷ್ಟೆಂದು ಬಿಲ್ಲಿನಲ್ಲಿ ನೋಡಿ, ಕಡಿಮೆಯಿದ್ದರೆ ವಿದ್ಯುತ್ ಕಂಪನಿ ಮೆಸ್ಕಾಂಗೆ ಅರ್ಜಿ ಕೊಡಿ.

ಜಂಬಿಟ್ಟಿಗೆ:
ಗೋಡೆಯ ಬಗ್ಗೆ ಒಂದು ಮಾತು. ನೀರು ತುಂಬಿದ 15 ಲೀಟರಿನ ಗೀಸರ್ ಇಪ್ಪತ್ತು ಕಿಲೋ ದಾಟುತ್ತದೆ. ನಮ್ಮ ಮನೆಯ ಜಂಬಿಟ್ಟಿಗೆ ಗೋಡೆಯಲ್ಲಿ ತೂತು ಕೊರೆದಾಗ ಕೆಂಪು ಪುಡಿ ಉದುರುತ್ತಲೇ ಇತ್ತು, ಬೋಲ್ಟು ಬೆರಳಿನಲ್ಲಿ ಅಲ್ಲಾಡುತ್ತಿತ್ತು. ಕೊನೆಗೆ ಗೋಡೆಯ ಆಚೆಗೂ ದಾಟುವ ಉದ್ದನೆಯ ಬೋಲ್ಟು ಹಾಕಿ, ಹಿಂಬದಿಯಲ್ಲಿ ಕಬ್ಬಿಣದ ಪಟ್ಟಿ ಕೊಟ್ಟು ಬಿಗಿಸಿದೆವು. ಬಿಸಿನೀರಿಗೆ ಸಾಮಾನ್ಯ ಪಿವಿಸಿ ಪೈಪು ಮೆತ್ತಗಾಗುತ್ತದೆ, ಬಿಸಿ ತಾಳುವ ಸಿಪಿವಿಸಿ ಹಾಕಿಸಿ. ನೀರು ಕಾದಾಗ ಹಿಗ್ಗುವುದರಿಂದ ಒತ್ತಡ ಇಳಿಸುವ ಸೇಫ್ಟಿ ವಾಲ್ವಿನಿಂದ ಹನಿ ತೊಟ್ಟಿಕ್ಕುವುದು ಸಹಜ. ಸೋರುತ್ತಿದೆಯೆಂದು ಅದನ್ನು ಯಾರೂ ಮುಚ್ಚದಂತೆ ನೋಡಿಕೊಳ್ಳಿ. ಮೊದಲ ಸಲ ಬಿಸಿನೀರಿನ ನಲ್ಲಿಯಲ್ಲಿ ಧಾರೆ ಸರಿಯಾಗಿ ಬಂದ ಮೇಲೆಯೇ ಸ್ವಿಚ್ಚು ಹಾಕಿ, ಇಲ್ಲವಾದರೆ ಒಣ ಟ್ಯಾಂಕಿನಲ್ಲಿ ಕಾಯಿಲ್ ಸುಟ್ಟುಹೋಗುತ್ತದೆ.

ಹಂಡೆನೀರು:
ಇಬ್ಬರಿಗೂ ಧನ್ಯವಾದಗಳು. ನ್ಯೂಟ್ರಲ್‌ಗೆ ಸೇರಿಸುವ ಬದಲು, ಅರ್ಥ್ ತಂತಿಯನ್ನು ನೆಲಕ್ಕೆ ಸೇರಿಸಲು ಅಂಗಳದ ಪಕ್ಕದಲ್ಲಿ ಅರ್ಥಿಂಗ್ ಗುಂಡಿ ತೆಗೆಸುತ್ತೇನೆ. ಅರ್ಥ್ ಮತ್ತು ಎಂಸಿಬಿ ಎರಡೂ ಇದ್ದ ಮೇಲೆ ಆರ್‌ಸಿಸಿಬಿಯ ಖರ್ಚು ಬೇಕೇ?

ನಿವೃತ್ತ ಮೇಲ್ವಿಚಾರಕ:
ಬೇಕೇ ಬೇಕು, ಅದರಲ್ಲೂ ನಿಮ್ಮ ಕಡೆಯ ಕಲ್ಲುನೆಲಕ್ಕೆ. ಗುಂಡಿಯ ರೋಧ (ನೆಲಕ್ಕೆ ವಿದ್ಯುತ್ತು ಹರಿಯಲು ಇರುವ ತಡೆ) 20 ಓಂ ಎಂದುಕೊಳ್ಳಿ: ಫೇಸ್ ತಂತಿ ಗೀಸರ್‌ನ ಮೈಗೆ ತಗುಲಿದರೆ ನೆಲಕ್ಕೆ ಹರಿಯುವುದು ಸುಮಾರು 11 ಆಂಪಿಯರ್, ಅಷ್ಟಕ್ಕೆ 16 ಆಂಪಿಯರ್‌ನ ಎಂಸಿಬಿ ಬೀಳುವುದೇ ಇಲ್ಲ, ಮುಟ್ಟಿದವರಿಗೆ ಮಾತ್ರ ಹೊಡೆಯುತ್ತದೆ. 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಅದೇ ಗುಂಡಿಯಿದ್ದರೂ ಕ್ಷಣಾರ್ಧದಲ್ಲಿ ಕಡಿಯುತ್ತದೆ. ಅದರ ಮೇಲಿರುವ ಟೆಸ್ಟ್ ಬಟನ್ನನ್ನು ತಿಂಗಳಿಗೊಮ್ಮೆ ಒತ್ತಿ, ಬೀಳದಿದ್ದರೆ ಬದಲಾಯಿಸಿ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಗೆ ಆಗಾಗ ಎರಡು ಕೊಡ ನೀರು ಹೊಯ್ಯಿಸಿ. ಇನ್ನು, 15 ಲೀಟರ್ ನೀರು 25 ಡಿಗ್ರಿಯಿಂದ 60ಕ್ಕೇರಲು ಇಪ್ಪತ್ತು ನಿಮಿಷ ಸಾಕಾದ್ದರಿಂದ, ತಾಯಿಯವರು ಸ್ನಾನಕ್ಕಿಳಿಯುವ ಮೊದಲೇ ಹೊರಗಿನ ಸ್ವಿಚ್ಚು ಆರಿಸುವ ರೂಢಿ ಮಾಡಿಸಿ. ಹಂಡೆಯನ್ನು ಕೀಳಿಸಬೇಡಿ, ಕರೆಂಟ್ ಹೋದ ದಿನ ಬೇಕಾಗುತ್ತದೆ.