ತಾಳೆ ತೋಟಕ್ಕೆ ಸರ್ಟಿಫಿಕೇಟ್ ತರಬೇತಿ: ಹೋಗಿ ಬಂದವರು ಅನುಭವ ಹೇಳಿ

ತಿ. ನರಸೀಪುರ ರೈತ:
ನಮ್ಮದು 4 ಎಕರೆ ತಾಳೆ, ಗಿಡಕ್ಕೆ 6 ವರ್ಷ. ಆರ್‌ಎಸ್‌ಪಿಒ ಅಂತ, ಪರಿಸರ ಕೆಡಿಸದೆ ತಾಳೆ ಎಣ್ಣೆ ಬೆಳೆಯಲು ನಿಯಮ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ, ಅದರ ಸರ್ಟಿಫಿಕೇಟ್‌ಗೆ ರೈತರ ಗುಂಪು ಮಾಡುತ್ತಿದ್ದಾರೆ. ಮೈಸೂರಿನಲ್ಲಿ 3 ದಿನ ತರಬೇತಿ, ಆಮೇಲೆ ತಿಂಗಳಿಗೊಂದು ಸಭೆ. ನನಗೆ ಬೆನ್ನು ನೋವು, ಮಗ ಬೆಂಗಳೂರಿನಲ್ಲಿದ್ದಾನೆ. ಸೊಸೆ ನಾನು ಹೋಗುತ್ತೇನೆ ಅನ್ನುತ್ತಿದ್ದಾಳೆ. ಪಹಣಿಯಲ್ಲಿ ಅವಳ ಹೆಸರಿಲ್ಲ. ಕಳಿಸಬಹುದಾ?

ಹುಣಸೂರು ತೋಟ:
ನಾನು 2022ರಲ್ಲಿ ಹೋದವನು. ಎದೆ ತಟ್ಟಿ ಹೇಳುತ್ತೇನೆ, ಹೋಗಿದ್ದು ಒಳ್ಳೆಯದಾಯಿತು. ಅದಕ್ಕೆ ಮುಂಚೆ ಗರಿ ಕಡಿದು ಬದುವಿನಲ್ಲಿ ರಾಶಿ ಹಾಕಿ ಬೆಂಕಿ ಇಡುತ್ತಿದ್ದೆ. ಬೆಂಕಿ ಕೂಡದು ಅಂದರು. ಸಾಲಿನ ಮಧ್ಯೆ ಹಾಸಿಬಿಟ್ಟೆ. ಮೊದಲ ಮಳೆಗಾಲ ಹಾವು ಸೇರಿಕೊಂಡವು, ಮನೆಯಲ್ಲಿ ಬೈದರು, ಗೊನೆ ಕಡಿಯುವವರು ಒಳಗೆ ಕಾಲಿಡಲ್ಲ ಅಂತ ಹೊರಟೇ ಹೋದರು. ಒಂದು ಸಾಲು ಬಿಟ್ಟು ಒಂದು ಸಾಲು ಹಾಸಿ ಓಡಾಡಲು ದಾರಿ ಬಿಟ್ಟ ಮೇಲೆ ಸರಿಯಾಯಿತು. ಈಗ ಬೇಸಿಗೆಯಲ್ಲೂ ಬುಡದ ಮಣ್ಣು ಕೈಯಲ್ಲಿ ಹಿಡಿದರೆ ತಂಪು.

ಖರ್ಚು ಬರೆದಿಟ್ಟಿದ್ದೇನೆ. 3 ದಿನದ ಬಸ್ಸು ಊಟ 840, ಆ ದಿನಗಳಲ್ಲಿ ತೋಟಕ್ಕೆ ಆಳು 1,650, ಔಷಧಿ ಇಡಲು ಬೀಗ ಇರುವ ಹಳೇ ಬೀರು 2,800, ಬೂಟು ಗ್ಲೌಸ್ ಮಾಸ್ಕ್ ಎರಡು ಜೊತೆ 2,360, ಲೆಕ್ಕದ ಪುಸ್ತಕ ಮತ್ತು ಜೆರಾಕ್ಸ್ 310. ಒಟ್ಟು 7,960. ಬರೆಯಲು ಕೂತ ಮೇಲೆ ಗೊತ್ತಾಯಿತು, ಉದುರು ಹಣ್ಣು ಆರಿಸದೆ ತಿಂಗಳಿಗೆ 60 ಕಿಲೋ ಹತ್ತಿರ ನೆಲದಲ್ಲೇ ಕೊಳೆಸುತ್ತಿದ್ದೆ.

ಪಾಂಡವಪುರ:
ಒಬ್ಬರಿಗೆ ಆಯಿತು ಅಂತ ಎಲ್ಲರಿಗೂ ಆಗಲ್ಲ ಸಾರ್. ನಮ್ಮ ಪಹಣಿ ತಾತನ ಹೆಸರಿನಲ್ಲಿತ್ತು, ತಾತ ಹೋಗಿ 19 ವರ್ಷ. ಫೌತಿ ಖಾತೆ ಮಾಡಿಸಿಕೊಂಡು ಬನ್ನಿ, ಆಮೇಲೆ ಸೇರಿಸಿಕೊಳ್ಳುತ್ತೇವೆ ಅಂದರು ಗುಂಪಿನವರು. ವಂಶವೃಕ್ಷಕ್ಕೆ ಮೂರು ಸಲ ಅಲೆದೆ. ಇಬ್ಬರು ಸೋದರತ್ತೆಯರ ಸಹಿ ಬೇಕು, ಒಬ್ಬರು ಭದ್ರಾವತಿಯಲ್ಲಿ, ಕಾರು ಬಾಡಿಗೆಯೇ 6,500. ಅವರು ಸಹಿ ಹಾಕುವ ಬದಲು ಭಾಗ ಕೇಳಿದರು. ಇವತ್ತಿಗೂ ಮಾತಿಲ್ಲ, ನನ್ನ ಮಗಳ ಆರತಿಗೂ ಬರಲಿಲ್ಲ. 14 ತಿಂಗಳು, 41 ಸಾವಿರ.

ಇಷ್ಟಾಗಿ ಸೇರಿದರೆ, ಗುಂಪು ನೋಡಿಕೊಳ್ಳುತ್ತಿದ್ದ ಹುಡುಗ ಬೇರೆ ಕೆಲಸ ಸಿಕ್ಕಿ ಹೋದ. ನಮ್ಮ ದಾಖಲೆ ಎಲ್ಲ ಅವನ ಲ್ಯಾಪ್‌ಟಾಪಿನಲ್ಲೇ ಉಳಿಯಿತು. ಕ್ರೆಡಿಟ್, ಅಂದರೆ ಸರ್ಟಿಫಿಕೇಟ್ ಇರುವ ಬೆಳೆಯ ಲೆಕ್ಕಕ್ಕೆ ಸಿಗುವ, ಕಂಪನಿಗಳು ಕೊಳ್ಳುವ ಚೀಟಿ, ಮಾರಿ ದುಡ್ಡು ಬರುತ್ತೆ ಅಂದಿದ್ದರು. ಒಂದು ಕ್ರೆಡಿಟ್ ಅಂದರೆ ಒಂದು ಟನ್ ಎಣ್ಣೆ, ಹಣ್ಣಲ್ಲ. ಒಂದು ಟನ್ ಎಣ್ಣೆಗೆ ಐದಾರು ಟನ್ ಹಣ್ಣು ಬೇಕು. ನನ್ನ 22 ಟನ್ ಹಣ್ಣಿಗೆ ಹೆಚ್ಚೆಂದರೆ 4 ಕ್ರೆಡಿಟ್, ಅದರಲ್ಲೂ 2019ರ ನಿಯಮದಲ್ಲಿ ಮೊದಲ ಹಂತದವರು ಮಾರಬಹುದಾದದ್ದು 40%, ಎರಡನೇ ಹಂತಕ್ಕೆ 70%, ಪೂರ್ತಿ 100% ಮೂರನೇ ಹಂತಕ್ಕೆ. ಎರಡನೇ ಹಂತಕ್ಕೆ ಹೋಗಲು 2 ವರ್ಷದ ಗಡುವು. ನಾವು ಮೊದಲನೆಯದರಲ್ಲೇ ನಿಂತೆವು. ನನ್ನ ಕೈಗೆ ಒಂದು ರೂಪಾಯಿ ಬಂದಿಲ್ಲ.

ಹುಣಸೂರು ತೋಟ:
ದಾಖಲೆಯ ಇನ್ನೊಂದು ಪ್ರತಿ ಮನೆಯಲ್ಲಿ ಇಟ್ಟುಕೊಳ್ಳದಿದ್ದರೆ ಅದಕ್ಕೆ ತರಬೇತಿಯನ್ನು ಯಾಕೆ ಬೈಯಬೇಕು? ಆಡಿಟ್ ಖರ್ಚಿಗೆ ಆರ್‌ಎಸ್‌ಪಿಒದಲ್ಲೇ ಸಣ್ಣ ರೈತರ ನಿಧಿ ಇದೆ. ನಿಮ್ಮ ಗುಂಪು ಅರ್ಜಿ ಹಾಕಿತ್ತಾ?

ಪಾಂಡವಪುರ:
ಅರ್ಜಿ ಇಂಗ್ಲಿಷಿನಲ್ಲಿ. ಬರೆಯುವವನೇ ಬಿಟ್ಟು ಹೋದ ಅಂತ ಮೇಲೆ ಹೇಳಿದೆನಲ್ಲ, ಓದಿ.

ನಂಜನಗೂಡು ಅಕ್ಕ:
ನಾನು ದುಡ್ಡಿಗೆ ಹೋಗಿದ್ದಲ್ಲ. ನಮ್ಮಲ್ಲಿ ಔಷಧಿ ಹೊಡೆಯುವ ಅಣ್ಣನಿಗೆ ಪ್ಯಾರಾಕ್ವಾಟ್ ಅನ್ನುವ ಕಳೆನಾಶಕ ಬೆನ್ನ ಮೇಲೆ ಸೋರಿ ಚರ್ಮ ಎದ್ದು 11 ದಿನ ಆಸ್ಪತ್ರೆಯಲ್ಲಿದ್ದರು. ಕ್ಯಾನಿನ ವಾಷರ್ ಹೋಗಿತ್ತು, 15 ರೂಪಾಯಿಯ ವಾಷರ್. ಆಸ್ಪತ್ರೆಗೆ 38 ಸಾವಿರ ಕಟ್ಟಿದೆವು. ಅದು ಹೊಟ್ಟೆಗೆ ಹೋದರೆ ಮದ್ದೇ ಇಲ್ಲ ಅಂತ ಡಾಕ್ಟರ್ ಹೇಳಿದ ದಿನ ರಾತ್ರಿ ನಿದ್ದೆ ಬರಲಿಲ್ಲ. ತರಬೇತಿಯಲ್ಲಿ ಮೊದಲು ಕೇಳಿದ್ದು ಅದನ್ನೇ, ಪ್ಯಾರಾಕ್ವಾಟ್ ಬಳಸುವ ಹಾಗಿಲ್ಲ. ಈಗ ಬುಡದ ಸುತ್ತ ಕೈಯಲ್ಲಿ ಕಳೆ ತೆಗೆಸುತ್ತೇವೆ, ಉಳಿದ ಕಡೆ ಮೆಷಿನ್ ಹೊಡೆಸುತ್ತೇವೆ. ಕೂಲಿ ಜಾಸ್ತಿ, ಒಪ್ಪುತ್ತೇನೆ.

ಪಾಂಡವಪುರ:
ಅಕ್ಕ, ನಿಮ್ಮ ಕಡೆ ಆಳು ಸಿಗುತ್ತಾರೆ. ನಮ್ಮಲ್ಲಿ ಕಬ್ಬು ಕಡಿಯುವ ಕಾಲಕ್ಕೆ 700 ಕೊಟ್ಟರೂ ಬರಲ್ಲ. ಕೈಯಲ್ಲಿ ಕಳೆ ತೆಗೆಸಿ ಅನ್ನುವುದು ಸುಲಭ. 2025ರ ಮೇ ಕೊನೆಗೆ ಕಚ್ಚಾ ತಾಳೆ ಎಣ್ಣೆಯ ಆಮದು ಸುಂಕ 20ರಿಂದ 10%ಗೆ ಇಳಿಸಿದರು. ಹೊರಗಿನ ಅಗ್ಗದ ಎಣ್ಣೆ ಬಂದರೆ ನಮ್ಮ ಗೊನೆಯ ರೇಟಿಗೆ ತಾನೇ ಹೊಡೆತ? ಕೂಲಿಗೆ ಎಲ್ಲಿಂದ ತರಲಿ?

ನಂಜನಗೂಡು ಅಕ್ಕ:
ಕೂಲಿಗೆ ದುಡ್ಡಿಲ್ಲ ಅಂತ ಇನ್ನೊಬ್ಬರ ಬೆನ್ನು ಸುಡಲು ನನಗೆ ಆಗಲ್ಲ ತಮ್ಮಾ. ಅವರ ಹೆಂಡತಿ ನಮ್ಮ ಜಗುಲಿ ಮೇಲೆ ಕೂತು ಅತ್ತಿದ್ದನ್ನು ನೋಡಿದ್ದೇನೆ.

ಮದ್ದೂರು ಕಬ್ಬು:
ಪರಿಸರಕ್ಕೆ ಒಳ್ಳೆಯದು ಅಂತ ಸರ್ಟಿಫಿಕೇಟ್ ಕೊಡುವವರು ನೀರಿನ ಲೆಕ್ಕ ಕೇಳುತ್ತಾರಾ? ಎಕರೆಗೆ 57 ಗಿಡ, ಬೇಸಿಗೆಯಲ್ಲಿ ಗಿಡಕ್ಕೆ ದಿನಕ್ಕೆ 200 ಲೀಟರ್ ಅಂದರೂ 11,400 ಲೀಟರ್. 2023ರಲ್ಲಿ ವಿ.ಸಿ. ನಾಲೆಯಲ್ಲಿ ನೀರಿಲ್ಲದೆ ನಾವು ರಸ್ತೆಯಲ್ಲಿ ಕೂತಿದ್ದೆವು.

ಹುಣಸೂರು ತೋಟ:
ಕಬ್ಬು ಬೆಳೆಯುವವರು ನೀರಿನ ಮಾತಾಡಬೇಡಿ. ನಮ್ಮದು ಹನಿ ನೀರಾವರಿ. ನೀವು ಹೊಲದ ತುಂಬಾ ಹಾಯಿಸುತ್ತೀರಿ.

ಮದ್ದೂರು ಕಬ್ಬು:
ನಮ್ಮದೂ ಹನಿ, 2 ಎಕರೆ, ಬಂದು ನೋಡಿ. ಮತ್ತೆ ಕಬ್ಬು ಒಣಗಿದರೆ ಒಂದು ವರ್ಷದ ನಷ್ಟ. ತಾಳೆ ಇಪ್ಪತ್ತೈದು ವರ್ಷ ಅಲ್ಲೇ ನಿಂತು ಕುಡಿಯುತ್ತೆ. ಬೋರ್‌ವೆಲ್ ಬತ್ತಿದರೆ ಏನು ಮಾಡುತ್ತೀರಿ?

ಹುಣಸೂರು ತೋಟ:
ಬತ್ತಿತ್ತು. ಅದನ್ನೂ ಹೇಳಿಬಿಡುತ್ತೇನೆ. 2023ರ ಬರದಲ್ಲಿ 47 ದಿನ ಸರಿಯಾಗಿ ನೀರು ಕೊಡಲಾಗಲಿಲ್ಲ. ಆ ವರ್ಷ ಗೊನೆ ಬಂತು, ಬಚಾವಾದೆ ಅಂದುಕೊಂಡೆ. 2025ರಲ್ಲಿ ಎಲ್ಲಿ ನೋಡಿದರೂ ಗಂಡು ಹೂವು. ಗಂಡೋ ಹೆಣ್ಣೋ ಅನ್ನುವುದು ಹೂವು ಹೊರಗೆ ಬರುವ ಎರಡು ವರ್ಷ ಮುಂಚೆಯೇ ಗಿಡದೊಳಗೆ ತೀರ್ಮಾನ ಆಗುತ್ತೆ. 2 ಎಕರೆಯಲ್ಲಿ 14 ಟನ್ ಬರುತ್ತಿದ್ದದ್ದು 8ಕ್ಕೆ ಇಳಿಯಿತು. ನೀರು ಕೊಟ್ಟ ತಾರೀಖು ಬರೆದಿದ್ದರಿಂದ ಕಾರಣ ಗೊತ್ತಾಯಿತು, ಇಲ್ಲದಿದ್ದರೆ ಗೊಬ್ಬರದ ಅಂಗಡಿಯವನ ಮಾತು ಕೇಳಿ ಇನ್ನೂ 10 ಸಾವಿರ ಸುರಿಯುತ್ತಿದ್ದೆ.

ಪಾಂಡವಪುರ:
ಬರೆಯುವುದಕ್ಕೆ 20 ರೂಪಾಯಿ ನೋಟ್‌ಬುಕ್ ಸಾಕಲ್ಲ, ಸರ್ಟಿಫಿಕೇಟ್ ಯಾಕೆ? ಮಲೇಷ್ಯಾದಲ್ಲಿ ಅವರದೇ ದೇಶದ ತಾಳೆ ಸರ್ಟಿಫಿಕೇಟ್ ಎಂಎಸ್‌ಪಿಒ 2020ರಿಂದ ಕಡ್ಡಾಯ. ಇಲ್ಲಿ ಕಡ್ಡಾಯ ಅಲ್ಲ. ಇದ್ದವನಿಗೂ ಇಲ್ಲದವನಿಗೂ ಗೊನೆಗೆ ಒಂದೇ ರೇಟು.

ಹುಣಸೂರು ತೋಟ:
ನೋಟ್‌ಬುಕ್ ಇಷ್ಟು ವರ್ಷವೂ ಅಂಗಡಿಯಲ್ಲಿತ್ತು. ನೀವಾಗಲಿ ನಾನಾಗಲಿ ಬರೆದೆವಾ?

ತಿ. ನರಸೀಪುರ ರೈತ:
ಎಲ್ಲರೂ ಇಷ್ಟು ಹೇಳಿದ್ದಕ್ಕೆ ಉಪಕಾರ. ಸೊಸೆಯ ವಿಷಯ ಯಾರೂ ಹೇಳಲಿಲ್ಲ. ಗುರುವಾರದೊಳಗೆ ಹೆಸರು ಕೊಡಬೇಕು.

ನಂಜನಗೂಡು ಅಕ್ಕ:
ಕಳಿಸಿ ಅಣ್ಣಾ. ನನ್ನ ಹೆಸರಲ್ಲೂ ಒಂದು ಗುಂಟೆ ಇಲ್ಲ. ಸಹಿ ಯಜಮಾನರದು, ಬರೆಯುವುದೆಲ್ಲ ನಾನು. ಸಂಜೆ 5ರ ಬಸ್ಸಿಗೆ ಬಿಡುತ್ತಾರಾ ಅಂತ ಮೊದಲೇ ಕೇಳಿಕೊಳ್ಳಲಿ. ನಮ್ಮ ಸಲ ಆರೂವರೆಗೆ ಬಿಟ್ಟರು, ಆಟೋಗೆ 450 ಆಯಿತು.

ಮದ್ದೂರು ಕಬ್ಬು:
ಹುಣಸೂರಿನವರೇ, ಆ 47 ದಿನ ಟ್ಯಾಂಕರ್ ನೀರು ಎಲ್ಲಿಂದ ತಂದಿರಿ ಅಂತ ಹೇಳಲಿಲ್ಲ.

ಹುಣಸೂರು ತೋಟ:
ತರಲಿಲ್ಲ. ಊರಿಗೇ ಕುಡಿಯಲು ಇರಲಿಲ್ಲ.